ಹೆರಿಗೆ ರಜೆ ಮುಗಿಯುತ್ತಾ ಬಂತು, ಆಫೀಸಿನಲ್ಲಿ ಏನೇನು ಕೇಳಬಹುದು? ಅನುಭವ ಹಂಚಿಕೊಳ್ಳಿ

ಮಗುವಿಗೆ ಐದು ತಿಂಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಮುಂದಿನ ತಿಂಗಳು ವಾಪಸ್ ಹೋಗಬೇಕು. ಅಮ್ಮ ಇನ್ನು ಸ್ವಲ್ಪ ದಿನ ಮಾತ್ರ ಇರುತ್ತಾರೆ. ಕೆಲಸ ಬಿಟ್ಟುಬಿಡೋಣ ಅನಿಸುತ್ತಿದೆ. ನಿಮಗೆಲ್ಲ ಆಫೀಸಿನಿಂದ ಏನು ಸಹಾಯ ಸಿಕ್ಕಿತು? ಹೇಗೆ ಕೇಳಿದಿರಿ?

ಉತ್ತರ 1
ದಯವಿಟ್ಟು ಈಗಲೇ ರಾಜೀನಾಮೆ ಕೊಡಬೇಡಿ. ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ, ಅದು ಎಲ್ಲರಿಗೂ ಗೊತ್ತು. ಕಷ್ಟ ಶುರುವಾಗುವುದು ವಾಪಸ್ ಹೋದ ಮೇಲೆ. ನನಗೆ ಆಸರೆಯಾದವರು ನಮ್ಮ ಟೀಮ್ ಲೀಡ್. ಸೇರುವ ಮೊದಲೇ ಫೋನ್ ಮಾಡಿ, "ಸಂಜೆ ಕಾಲ್‌ಗಳನ್ನ ಬೇರೆಯವರಿಗೆ ಕೊಟ್ಟಿದ್ದೀನಿ, ಹಾಲು ತೆಗೆಯೋ ಟೈಮ್ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿಬಿಡಿ" ಎಂದರು. ಮೆಡಿಕಲ್ ರೂಮಿಗೆ ಒಳಗಿನಿಂದ ಚಿಲಕ ಇರಲಿಲ್ಲ, ಅದನ್ನೂ ಹಾಕಿಸಿದರು. ಚಿಲಕ, ಕುರ್ಚಿ, ಪ್ಲಗ್ ಪಾಯಿಂಟ್, ಪುಟ್ಟ ಫ್ರಿಡ್ಜ್: ನನಗೆ ಬೇಕಾಗಿದ್ದು ಇಷ್ಟೇ. ತೆಗೆದ ಹಾಲು ಫ್ರಿಡ್ಜ್‌ನಲ್ಲಿ 4 ದಿನ ಇರುತ್ತದೆ. ಡಬ್ಬಿ ಮೇಲೆ ತಾರೀಖು ಬರೆದು ಒಳಗೆ, ಹಿಂದೆ ಇಡಿ. ಬಾಗಿಲಲ್ಲಿ ಬೇಡ.

ಇನ್ನೊಂದು ಮಾತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕ್ರೆಷ್ (ಮಕ್ಕಳನ್ನು ನೋಡಿಕೊಳ್ಳುವ ಜಾಗ), ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಅವಕಾಶ, ಇವೆಲ್ಲ ಕಾನೂನಿನಲ್ಲೇ ಇವೆ. ಹಾಗಾಗಿ ಸಂಕೋಚ ಬೇಡ. ಮಾತಾಡಿದ್ದನ್ನು ಮೇಲ್‌ನಲ್ಲೂ ಹಾಕಿಬಿಡಿ. ಮ್ಯಾನೇಜರ್ ಬದಲಾದರೆ ಬರೀ ಬಾಯಿಮಾತು ನಿಲ್ಲುವುದಿಲ್ಲ.

ಉತ್ತರ 2
ನಾನು ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನಮಗೆ ವರ್ಕ್ ಫ್ರಂ ಹೋಮ್ ಎಲ್ಲಿಂದ ಬರಬೇಕು? ಇಎಸ್‌ಐನಲ್ಲಿ (ಕಾರ್ಮಿಕರ ವಿಮಾ ಯೋಜನೆ) 26 ವಾರ ಸಿಗುತ್ತದೆ, ಆಮೇಲೆ ಕ್ರೆಷ್ಷೇ ಗತಿ. ಆದರೆ ಕ್ರೆಷ್ ಇದ್ದರೆ ಮಾತ್ರ ಸಾಲದು. ಆಯಾ ಕರೆದಾಗ ತಾಯಿ ಎದ್ದು ಹೋದರೆ ಅವಳ ಮಿಷನ್ ಮುಂದೆ ಪೀಸ್ ರಾಶಿ ಬೀಳುತ್ತದೆ, ಅವಳ ನಂತರ ಕೂತವರ ಕೆಲಸವೂ ನಿಲ್ಲುತ್ತದೆ. ಆ ಭಯಕ್ಕೆ ಎಷ್ಟೋ ಜನ ಎದ್ದೇಳುವುದೇ ಇಲ್ಲ. ಎದೆಯಲ್ಲಿ ಹಾಲು ಕಟ್ಟಿಕೊಂಡು ನೋವು ತಿನ್ನುತ್ತಾ ಹೊಲಿಯುತ್ತಿರುತ್ತಾರೆ. ನಮ್ಮ ಲೈನಿನಲ್ಲಿ ಆ ಹೊತ್ತಿಗೆ ಫ್ಲೋಟರ್ (ಯಾರ ಜಾಗದಲ್ಲಾದರೂ ಕೂತು ಹೊಲಿಯುವವರು) ಒಬ್ಬರನ್ನು ಆ ಮಿಷನ್‌ಗೆ ಕೂರಿಸಲು ಶುರು ಮಾಡಿದೆವು. ಈಗ ತಾಯಂದಿರು ಧೈರ್ಯವಾಗಿ ಹೋಗಿ ಬರುತ್ತಾರೆ. ನೀವೂ ಅದನ್ನೇ ಕೇಳಿ ತಂಗಿ: ನಾನು ಎದ್ದು ಹೋದಾಗ ನನ್ನ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಬಿಡುವು ಕೊಟ್ಟು ಟಾರ್ಗೆಟ್ ಅಷ್ಟೇ ಇಟ್ಟರೆ ರಾತ್ರಿ ಮಗು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆಯುವವರು ನೀವೇ ಅಲ್ವಾ?

ಉತ್ತರ 3
ನಾನು ಹಾವೇರಿ ಜಿಲ್ಲೆಯಲ್ಲಿ ಸರ್ಕಾರಿ ಶಾಲೆ ಶಿಕ್ಷಕಿ. ನಮಗೆ ಹೆರಿಗೆ ರಜೆ ಬಿಟ್ಟು, 2021ರಿಂದ ಒಟ್ಟು ಸೇವೆಯಲ್ಲಿ 180 ದಿನ ಶಿಶುಪಾಲನಾ ರಜೆಯೂ ಇದೆ. ಸರ್ಕಾರಿ ಕೆಲಸದಲ್ಲಿರುವ ಅಕ್ಕಂದಿರು ಇದನ್ನು ಒಂದೇ ಸಲ ಖಾಲಿ ಮಾಡಬೇಡಿ. ಮಗುವಿನ ಜ್ವರಕ್ಕೆ, ಪರೀಕ್ಷೆಗೆ ಮುಂದೆ ಬೇಕಾಗುತ್ತದೆ.

ಮತ್ತೆ ಉತ್ತರ 1
ಅಮ್ಮ ಇರುವಾಗಲೇ ಮಗುವನ್ನು ದಿನಕ್ಕೆ ಒಂದೆರಡು ಗಂಟೆ ಕ್ರೆಷ್‌ಗೆ ಬಿಟ್ಟು ರೂಢಿ ಮಾಡಿಸಿ. ಮೊದಲ ವಾರ ಅಳುತ್ತದೆ, ನಿಮಗೂ ಅಳು ಬರುತ್ತದೆ. ಆಗ ಅಮ್ಮ ಪಕ್ಕದಲ್ಲಿದ್ದರೆ ಒಳ್ಳೆಯದು. ಸಾಧ್ಯವಾದರೆ ಬುಧವಾರವೋ ಗುರುವಾರವೋ ಕೆಲಸಕ್ಕೆ ಸೇರಿ. ಬೇಗ ಶನಿವಾರ ಬರುತ್ತದೆ.