ಮಾವಿನ ಸಿಪ್ಪೆ ಪುಡಿ ಕರುಳಿನ ಕಾಯಿಲೆಗೆ ಒಳ್ಳೆಯದಾ? ಡಯಟೀಷಿಯನ್ ಉತ್ತರ

ಪ್ರಶ್ನೆ: ಮೇಡಂ, ನಮ್ಮದು ಶ್ರೀನಿವಾಸಪುರ. ತಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದೆ. ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆಯಲ್ಲಿ ಸದ್ಯ ಆರಾಮಾಗಿದ್ದಾನೆ. ಪಲ್ಪ್ ಫ್ಯಾಕ್ಟರಿಗಳಲ್ಲಿ ತೋತಾಪುರಿ ಮಾವಿನ ಸಿಪ್ಪೆ ರಾಶಿ ರಾಶಿ ಬೀಳುತ್ತದೆ. ಅದನ್ನು ಒಣಗಿಸಿ ಪುಡಿ ಮಾಡಿ ತಿಂದರೆ ಕಾಯಿಲೆ ವಾಸಿಯಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ?

ಉತ್ತರ: ವಾಸಿ ಮಾಡುತ್ತದೆ ಅನ್ನುವುದು ಸುಳ್ಳು. ಆದರೆ ಆ ಸುದ್ದಿ ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ.

ಮಾವಿನ ಸಿಪ್ಪೆಯಲ್ಲಿ, ಜ್ಯೂಸ್ ತೆಗೆದ ಮೇಲೆ ಉಳಿಯುವ ಸೇಬಿನ ಚರಟದಲ್ಲಿ ಪೆಕ್ಟಿನ್ ಎಂಬ ನಾರು ಜಾಸ್ತಿ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿದಾಗ ಬ್ಯುಟಿರೇಟ್ ಎಂಬ ವಸ್ತು ಹುಟ್ಟುತ್ತದೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಸಿಪ್ಪೆಯಲ್ಲಿ ಪಾಲಿಫಿನಾಲ್‌ ಎಂಬ ಸಸ್ಯಜನ್ಯ ಸಂಯುಕ್ತಗಳೂ ಇವೆ. ಇಲಿಗಳಿಗೆ ರಾಸಾಯನಿಕ ಕೊಟ್ಟು ಕೊಲೈಟಿಸ್ ಬರಿಸಿ, ಇಂಥ ಸಿಪ್ಪೆಯ ಸಾರ ಕೊಟ್ಟಾಗ ಉರಿಯೂತ ಇಳಿದದ್ದುಂಟು. ಆದರೆ ನಿಮ್ಮ ತಮ್ಮ ಇಲಿ ಅಲ್ಲವಲ್ಲ! ಮನುಷ್ಯರ ಮೇಲೆ ಟೆಕ್ಸಾಸ್‌ನಲ್ಲಿ ಒಂದು ಸಣ್ಣ ಪ್ರಯೋಗ ನಡೆದಿದೆ. ಕರುಳಿನ ಉರಿಯೂತದ ಕಾಯಿಲೆ ಇದ್ದ 10 ಮಂದಿ 8 ವಾರ ದಿನಕ್ಕೆ 200ರಿಂದ 400 ಗ್ರಾಂ ಮಾವು ತಿಂದರು, ಸ್ವಲ್ಪ ಸುಧಾರಿಸಿದರು. ಅವರು ತಿಂದದ್ದು ತಿರುಳು, ಸಿಪ್ಪೆಯಲ್ಲ. ಅದೂ ಔಷಧಿಯ ಜೊತೆಗೆ.

ಫ್ಯಾಕ್ಟರಿ ಅಂಗಳದ ಸಿಪ್ಪೆ ಮಾತ್ರ ಬೇಡವೇ ಬೇಡ. ಬಿಸಿಲಲ್ಲಿ ಬೇಗ ಹಳಸುತ್ತದೆ, ಬೂಷ್ಟು ಹಿಡಿಯುತ್ತದೆ. ತೋಟದಲ್ಲಿ ಹೊಡೆದ ಕೀಟನಾಶಕದ ಅಂಶ ಉಳಿಯುವುದೂ ಹೆಚ್ಚಾಗಿ ಸಿಪ್ಪೆಯಲ್ಲೇ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮಾವಿನ ಸಿಪ್ಪೆ ಪುಡಿ ಬೆರೆಸಿ ಬಿಸ್ಕತ್ತು ಮಾಡಿ ನೋಡಿದ್ದಾರೆ. ಅದು ಆಹಾರದ ಪ್ರಯೋಗ, ಕೊಲೈಟಿಸ್‌ಗೆ ಮದ್ದಲ್ಲ.

ಆರಾಮಾಗಿದ್ದಾನೆ ಅಂತ ಮೆಸಲಮೈನ್ ನಿಲ್ಲಿಸಬೇಡಿ. ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ನಾರು ಬೇಕು ಅಂದರೆ, ಡಾಕ್ಟರನ್ನು ಕೇಳಿ ಇಸಬ್ಗೋಲ್ (ಒಂದು ಗಿಡದ ಬೀಜದ ಹೊಟ್ಟು) ಸ್ವಲ್ಪ ಸ್ವಲ್ಪವೇ ಶುರು ಮಾಡಬಹುದು. ಕೊಲೈಟಿಸ್ ಇರುವವರ ಮೇಲೆ ಆ ಗಿಡದ ಬೀಜವನ್ನಾದರೂ ಪರೀಕ್ಷಿಸಿದ್ದಾರೆ.

ಇನ್ನೊಬ್ಬರು: ನನಗೆ ಕ್ರೋನ್ಸ್ (ಕರುಳಿನ ಉರಿಯೂತದ ಇನ್ನೊಂದು ಕಾಯಿಲೆ), ಸಣ್ಣ ಕರುಳು ಒಂದು ಕಡೆ ಕಿರಿದಾಗಿದೆ. ಸೇಬು ಸಿಪ್ಪೆ ಸಮೇತ ತಿನ್ನಬಹುದಾ?

ಉತ್ತರ: ಬೇಡ. ಕಿರಿದಾದ ಜಾಗದಲ್ಲಿ ಸಿಪ್ಪೆ, ನಾರು ಸಿಕ್ಕಿಹಾಕಿಕೊಳ್ಳಬಹುದು. ಸಿಪ್ಪೆ ತೆಗೆದು ಬೇಯಿಸಿ, ಕಿವುಚಿ ತಿನ್ನಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಶಿರಸಿಯಿಂದ: ಭೇದಿಗೆ ನಮ್ಮ ಅಜ್ಜಿ ಒಣಗಿದ ದಾಳಿಂಬೆ ಸಿಪ್ಪೆ ತಂಬುಳಿ ಮಾಡುತ್ತಿದ್ದರು. ಕೊಲೈಟಿಸ್ ಇರುವವರಿಗೆ ಕೊಡಬಹುದಾ?

ಉತ್ತರ: ಸಿಪ್ಪೆಯನ್ನು ಜೀರಿಗೆ ಜೊತೆ ತುಪ್ಪದಲ್ಲಿ ಹುರಿದು, ಕಾಯಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸುತ್ತಾರೆ, ಅಲ್ವಾ? ನನಗೂ ಇಷ್ಟ. ಕಾಯಿಲೆ ಹತೋಟಿಯಲ್ಲಿದ್ದು, ಮಜ್ಜಿಗೆ ಒಗ್ಗುವವರು ಊಟದ ಜೊತೆ ಸ್ವಲ್ಪ ತಿನ್ನಬಹುದು. ಅದರ ಒಗರು ಟ್ಯಾನಿನ್‌ನಿಂದ ಬರುವುದು. ಅದರಲ್ಲಿ ಒಂದಷ್ಟನ್ನು ಕರುಳಿನ ಬ್ಯಾಕ್ಟೀರಿಯಾ ಯುರೊಲಿಥಿನ್ ಎಂಬ ವಸ್ತುವಾಗಿ ಬದಲಿಸುತ್ತವೆ. ಉರಿಯೂತ ತಗ್ಗಿಸುವ ಗುಣಕ್ಕಾಗಿ ವಿಜ್ಞಾನಿಗಳ ಕಣ್ಣು ಅದರ ಮೇಲಿದೆ. ಆದರೆ ಎಲ್ಲರ ಹೊಟ್ಟೆಯ ಬ್ಯಾಕ್ಟೀರಿಯಾಗಳೂ ಇದನ್ನು ಒಂದೇ ಥರ ಮಾಡುವುದಿಲ್ಲ. ಹಾಗಾಗಿ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗಬೇಕೆಂದಿಲ್ಲ.

ಮಲದಲ್ಲಿ ರಕ್ತ, ಜ್ವರ ಇದ್ದರೆ ತಂಬುಳಿಯಿಂದ ಭೇದಿ ನಿಲ್ಲಿಸಲು ಹೋಗಬೇಡಿ, ಡಾಕ್ಟರಿಗೆ ತೋರಿಸಿ. ಇನ್ನೊಂದು ಮಾತು. ಈ ಕಾಯಿಲೆಯಲ್ಲಿ ರಕ್ತಹೀನತೆ ಸಾಮಾನ್ಯ. ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣದ ಮಾತ್ರೆ ನುಂಗುವವರು ಅದಕ್ಕೂ ತಂಬುಳಿಗೂ ಎರಡು ಗಂಟೆಯಾದರೂ ಅಂತರ ಇಡಿ.