ಸೆಲೆರಿಯಾಕ್ ಗೆಡ್ಡೆ ಕಟ್ಟುತ್ತಿಲ್ಲ, ಬರೀ ಸೊಪ್ಪು

ಪ್ರಶ್ನೆ:
ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಮೇ ಕೊನೆಯಲ್ಲಿ ಹಿತ್ತಲಲ್ಲಿ ಮೊನಾರ್ಕ್ ತಳಿಯ ಸೆಲೆರಿಯಾಕ್ (ಬುಡದಲ್ಲಿ ಗೆಡ್ಡೆ ಕಟ್ಟುವ ಸೆಲೆರಿ) ಸಸಿ ನೆಟ್ಟೆವು. ಈಗ ಆಗಸ್ಟ್ ಅರ್ಧ ಕಳೆಯಿತು. ಸೊಪ್ಪು ಸೊಂಪಾಗಿದೆ, ಗೆಡ್ಡೆ ಮಾತ್ರ ನಿಂಬೆಹಣ್ಣಿನಷ್ಟೇ. ಬುಡದ ಸುತ್ತ ಚಿಕ್ಕ ಚಿಕ್ಕ ಚಿಗುರು ಬೇರೆ. ಮುಲ್ಲಂಗಿಗೆ ಏರಿಸುವ ಹಾಗೆ ಮಣ್ಣು ಏರಿಸಿದ್ದೇವೆ. ದಿನಾ ಸಂಜೆ ನೀರು ಚಿಮುಕಿಸುತ್ತೇವೆ. ಸಾರಿಗೆ ಕೊತ್ತಂಬರಿ ಬದಲು ಇದರ ಸೊಪ್ಪನ್ನೇ ಕೀಳುತ್ತೇವೆ. ಇನ್ನು ಗೆಡ್ಡೆ ಬರುತ್ತಾ? ಕಿತ್ತು ಪಾಲಕ್ ಹಾಕಲಾ?

ಉತ್ತರ:
ದಯವಿಟ್ಟು ಕೀಳಬೇಡಿ. ಇದು ತುಂಬಾ ನಿಧಾನದ ಬೆಳೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಗೆಡ್ಡೆ ಚೆನ್ನಾಗಿ ಊದುತ್ತದೆ.

ಮೊದಲು ಆ ಮಣ್ಣು ಸರಿಸಿ. ಗೆಡ್ಡೆಯ ಮೇಲ್ಭಾಗ ಕಣ್ಣಿಗೆ ಕಾಣಬೇಕು. ಪಕ್ಕದ ಚಿಗುರನ್ನು ಬೆರಳಲ್ಲೇ ಮುರಿದು ಹಾಕಿ. ಸೊಪ್ಪು ಕೀಳುವುದನ್ನು ನಿಲ್ಲಿಸಿ. ಎಲೆ ಇದ್ದರೆ ತಾನೆ ಗೆಡ್ಡೆ ತುಂಬುವುದು? ಹೊರಗಡೆ ಬಾಗಿ ಹಳದಿಯಾದ ಎಲೆಗಳನ್ನು ಮಾತ್ರ ತೆಗೆಯಿರಿ.

ನನಗೆ ಜಾಸ್ತಿ ಅನುಮಾನ ನೀರಿನ ಮೇಲೆ. ಕಾಡು ಸೆಲೆರಿ ಜೌಗು ನೆಲದ ಗಿಡ. ಚಿಮುಕಿಸಿದ ನೀರು ಮೇಲ್ಮಣ್ಣಲ್ಲೇ ಆರಿಹೋಗುತ್ತದೆ. ಬೆರಳು ಪೂರ್ತಿ ಇಳಿಸಿ ನೋಡಿ, ತುದಿಗೂ ತಂಪು ತಾಗಬೇಕು. ದಿನಾ ಸ್ವಲ್ಪ ಸ್ವಲ್ಪ ಹಾಕುವ ಬದಲು ಎರಡು ಮೂರು ದಿನಕ್ಕೊಮ್ಮೆ ಬುಡ ನೆನೆಯುವ ಹಾಗೆ ಹೊಯ್ಯಿರಿ, ಒಣಹುಲ್ಲು ಹೊದಿಸಿ. ಪೊಟ್ಯಾಶ್ ಇರುವ ಟೊಮೆಟೊ ಗೊಬ್ಬರ ಹದಿನೈದು ದಿನಕ್ಕೊಮ್ಮೆ ಸಾಕು. ಕೊಯ್ದಾಗ ಒಳಗೆ ಕಂದಾಗಿ ಟೊಳ್ಳಾಗಿದ್ದರೆ ಅದು ಬೋರಾನ್ ಎಂಬ ಪೋಷಕಾಂಶದ ಕೊರತೆ ಇರಬಹುದು. ಸುಣ್ಣ ಜಾಸ್ತಿಯಾದ, ಪದೇ ಪದೇ ಒಣಗುವ ಮಣ್ಣಲ್ಲಿ ಹಾಗಾಗುತ್ತದೆ.

ಗಟ್ಟಿ ಹಿಮ ಬೀಳುವ ಮುಂಚೆ ಕಿತ್ತರೆ ಆಯಿತು.

ಪ್ರಶ್ನೆ:
ತುಂಬಾ ಥ್ಯಾಂಕ್ಸ್, ಇವತ್ತೇ ಮಣ್ಣು ಸರಿಸುತ್ತೇವೆ. ಇನ್ನೊಂದು ವಿಷಯ. ಅಂಗಡಿಯ ಗೆಡ್ಡೆ ತಂದು ಪಲ್ಯ ಮಾಡಿದರೆ ಮುದ್ದೆಯಾಯಿತು, ಬಣ್ಣವೂ ಕಪ್ಪು.

ಉತ್ತರ:
ಕುಕ್ಕರ್‌ನಲ್ಲಿ ಇಟ್ಟಿರಾ? ಇದಕ್ಕೆ ಕುಕ್ಕರ್ ಬೇಡವೇ ಬೇಡ. ಸಿಪ್ಪೆಯನ್ನು ಚಾಕುವಿನಲ್ಲಿ ದಪ್ಪಗೆ ಹೆರೆಯಿರಿ, ಬೇರಿನ ಸಂದಿಯಲ್ಲಿ ಮಣ್ಣು ಕೂತಿರುತ್ತದೆ. ಹೆಚ್ಚಿದ ಹೋಳನ್ನು ಕೂಡಲೇ ನಿಂಬೆರಸ ಹಿಂಡಿದ ನೀರಿಗೆ ಹಾಕಿ, ಕಪ್ಪಾಗುವುದಿಲ್ಲ. ಸಾಸಿವೆ, ಉದ್ದಿನಬೇಳೆ, ಇಂಗು, ಒಣಮೆಣಸು, ಕರಿಬೇವಿನ ಒಗ್ಗರಣೆಗೆ ಹೋಳು ಹಾಕಿ, ಒಂದು ಹಿಡಿ ನೀರು ಚಿಮುಕಿಸಿ ಮುಚ್ಚಿಡಿ. ಹತ್ತು ನಿಮಿಷದಲ್ಲಿ ಚಾಕು ಸಲೀಸಾಗಿ ಇಳಿಯುತ್ತದೆ. ಆಮೇಲೆ ಮುಚ್ಚಳ ತೆಗೆದು ನೀರು ಆರಿಸಿ, ಕಾಯಿತುರಿ ಹಾಕಿ. ಗೆಡ್ಡೆಗೇ ಸ್ವಲ್ಪ ಸಿಹಿ ಇದೆ, ಬೆಲ್ಲ ಬೇಡ.

ನೆಂಟರಿಗೆ ಬಡಿಸುವ ಮುಂಚೆ ಅಲರ್ಜಿ ಇದೆಯಾ ಅಂತ ಕೇಳಿ. ಯುರೋಪಿನಲ್ಲಿ ಪ್ಯಾಕೆಟ್ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸೆಲೆರಿಯೂ ಒಂದು. ಗೆಡ್ಡೆಯೂ ಅದರಲ್ಲೇ ಸೇರುತ್ತದೆ.