ಅಪ್‌ಡೇಟ್: ನರ್ಸರಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿಕೊಂಡೆ

ಮಕ್ಕಳ ಆರೈಕೆಯ ಕೋರ್ಸ್ ಮುಗಿಸಿ ಆಮೇಲೆ ಕೆಲಸ ಹುಡುಕಲಾ, ಇಲ್ಲಾ ನೇರವಾಗಿ ಮಕ್ಕಳ ನರ್ಸರಿಗೆ ಅಪ್ರೆಂಟಿಸ್ ಆಗಿ ಸೇರಿ ಕೆಲಸ ಮಾಡುತ್ತಲೇ ಓದಲಾ ಅಂತ ಕೇಳಿದ್ದೆ ಅಲ್ವಾ, ಎರಡನೆಯದನ್ನೇ ಮಾಡಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಸಂಬಳ ಕಡಿಮೆಯೇ, ನೀವು ಹೇಳಿದ ಹಾಗೆ.

ಈಗ 2 ವರ್ಷದೊಳಗಿನ ಮಕ್ಕಳ ಕೋಣೆಯಲ್ಲಿದ್ದೇನೆ. ಸುಮ್ನೆ ಮಕ್ಕಳ ಜೊತೆ ಆಡುವ ಕೆಲಸ ಅಂದುಕೊಂಡವರು ಒಂದು ದಿನ ಬಂದು ನೋಡಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಕೊಡಬೇಕು, ಅಡ್ಡಕ್ಕೆ ಕತ್ತರಿಸಿದರೆ ದುಂಡಗಿನ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಕೂಸುಗಳನ್ನು ಅಂಗಾತ ಮಲಗಿಸಬೇಕು, ನಿದ್ದೆಯಲ್ಲಿದ್ದಾಗಲೂ ಆಗಾಗ ಹೋಗಿ ಉಸಿರಾಟ ನೋಡಿ ಬರೆದಿಡಬೇಕು.

ಬರೆಯುವುದಂತೂ ಜಾಸ್ತಿ. "ಮಗು ಚೆನ್ನಾಗಿ ಆಡಿತು" ಅಂದರೆ ನಮ್ಮ ಮೇಡಂ ಒಪ್ಪುವುದಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸಲು ನೋಡಿತು, ಆಗಲಿಲ್ಲ, ನನ್ನ ಕೈಗೆ ಕೊಟ್ಟು ಮುಖ ನೋಡಿತು, ಹೀಗೆ ಕಂಡಿದ್ದನ್ನು ಕಂಡ ಹಾಗೆ ಬರೆಯಬೇಕು.

ಸೇರುವ ಯೋಚನೆ ಇದ್ದರೆ, ಓದಲು ಕೆಲಸದ ಹೊತ್ತಿನಲ್ಲೇ ಸಮಯ ಕೊಡುತ್ತಾರಾ ಅಂತ ಮೊದಲೇ ಕೇಳಿ, ಬರಹದಲ್ಲೇ ತೆಗೆದುಕೊಳ್ಳಿ. ನನಗೆ ಕೊಡುತ್ತಾರೆ, ಆದರೆ ಯಾರಾದರೂ ರಜೆ ಹಾಕಿದ ದಿನ ಅದು ಹೋಯ್ತು ಅಂತಲೇ ಲೆಕ್ಕ.